ಉಸಿರು ಬೇಡದ ಶ್ರುತಿ

ಕೋಡ್ ಬರೆಯುವಾಗ ಟೆಕ್ನೊ. ರಾತ್ರಿ ಆನ್‌ಕಾಲ್ ಮುಗಿಸಿ ನಿದ್ದೆ ಬರದಿದ್ದರೆ ಆಂಬಿಯೆಂಟ್. ನನ್ನ ಹೆಡ್‌ಫೋನ್ ಹೀಗೆ ಎರಡು ಪಾಳಿಯಲ್ಲಿ ದುಡಿಯುತ್ತೆ. ಟೆಕ್ನೊ ಗೊತ್ತಲ್ಲ, ಒಂದೇ ಪೆಟ್ಟು ಗಂಟೆಗಟ್ಟಲೆ ಬೀಳ್ತಾನೇ ಇರುತ್ತೆ. ಆಂಬಿಯೆಂಟ್‌ನಲ್ಲಿ ಹೆಚ್ಚಾಗಿ ಪೆಟ್ಟೇ ಇರಲ್ಲ, ನಾದವೊಂದು ಕೋಣೆ ತುಂಬಿ ನಿಂತಿರುತ್ತೆ. ಎರಡೂ ಡೆಟ್ರಾಯಿಟ್, ಲಂಡನ್ ಕಡೆಯ ಸರಕು ಅಂತ ನಮ್ಮ ಟೀಮಿನವರ ನಂಬಿಕೆ.

ನನಗೆ ಮಾತ್ರ ಬೆಂಗಳೂರಿನ ಜಿ. ರಾಜ್ ನಾರಾಯಣ್ ನೆನಪಾಗ್ತಾರೆ. ಕೊಳಲು ವಾದಕರು, ಜೊತೆಗೆ ಎಂಜಿನಿಯರ್. ಬ್ರಯಾನ್ ಈನೊ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ತಂದು ಅದನ್ನು ಆಂಬಿಯೆಂಟ್ ಅಂತ ಕರೆದದ್ದು 1978ರಲ್ಲಿ. ಮರುವರ್ಷವೇ, 1979ರಲ್ಲಿ, ರಾಜ್ ನಾರಾಯಣ್ ತಮ್ಮ ಎಲೆಕ್ಟ್ರಾನಿಕ್ ತಂಬೂರಿಯನ್ನು ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ವಿದ್ವಾಂಸರ ಮುಂದಿಟ್ಟರು. ಆಮೇಲೆ ಅವರ ರಾಡೆಲ್ ಕಂಪನಿಯಿಂದ ತಾಳದ ಯಂತ್ರ ಬಂತು, ಡಿಜಿಟಲ್ ವೀಣೆ ಬಂತು. ನಾದಕ್ಕೊಂದು ಡಬ್ಬಿ, ಪೆಟ್ಟಿಗೊಂದು ಡಬ್ಬಿ. ನನ್ನ ಪ್ಲೇಲಿಸ್ಟಿನ ಎರಡೂ ತುದಿ ಒಬ್ಬರದೇ ಬೆಂಚಿನ ಮೇಲೆ! ಅವರು ಟೆಕ್ನೊ ಮಾಡಿದರು ಅಂತ ನಾನು ಹೇಳ್ತಿಲ್ಲ, ಕೇಳಿದರೆ ನಕ್ಕಾರು. ಅವರಿಗೆ ಬೇಕಿದ್ದದ್ದು ಸಾಧನೆಗೆ ಶ್ರುತಿ, ಅಷ್ಟೇ.

ರಾಗವನ್ನೂ ಯಂತ್ರದ ಪೆಟ್ಟನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದವರು ಮುಂಬೈನ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್. 1982ರಲ್ಲಿ ರೋಲ್ಯಾಂಡ್ ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳ ರೆಕಾರ್ಡ್ ಮಾಡಿದರು. ಆಗ ಅದನ್ನು ಕೇಳಿದವರು ಕಮ್ಮಿ. 2010ರಲ್ಲಿ ಮರುಬಿಡುಗಡೆಯಾದಾಗ ಯುರೋಪಿನವರು ಬೆಚ್ಚಿಬಿದ್ದರು.

ನಮ್ಮ ಆವರಗೆರೆಗೆ ಈ ಡಬ್ಬಿ ಬಂದದ್ದು ಬೇರೆ ದಾರಿಯಲ್ಲಿ. ಭಜನೆ ಮೇಳದಲ್ಲಿ ನಮ್ಮಜ್ಜನಿಗೆ ಹಾಡೋಕೆ ಬರ್ತಿರಲಿಲ್ಲ. ಹಿಂದೆ ಕೂತು ಶ್ರುತಿಪೆಟ್ಟಿಗೆ ಒತ್ತೋದೇ ಅವನ ಕೆಲಸ. ನಾನು ಹೈಸ್ಕೂಲಿನಲ್ಲಿದ್ದಾಗ ಯಾರೋ ದಾವಣಗೆರೆ ಪೇಟೆಯಿಂದ ಎಲೆಕ್ಟ್ರಾನಿಕ್ ಶ್ರುತಿ ತಂದರು. ಅಜ್ಜ ಅದನ್ನು ಕಿವಿ ಹತ್ರ ಹಿಡಿದು, "ಇದಕ್ಕ ಉಸಿರೇ ಬೇಡೇನಪ?" ಅಂದ. ಜಾಗ ಮಾತ್ರ ಬಿಡಲಿಲ್ಲ. ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು ಅಲ್ಲೇ ಕೂರುತ್ತಿದ್ದ. ಲೋಡ್‌ಶೆಡ್ಡಿಂಗ್ ದಿನಗಳು ಅವು. ಕರೆಂಟ್ ಹೋದ ಕೂಡಲೇ ಹಾಡು ನಿಲ್ಲದ ಹಾಗೆ ಅಜ್ಜನ ಕೈ ಶುರುವಾಗ್ತಿತ್ತು. ಕರೆಂಟ್ ಬಂದ ಮೇಲೂ ಒಂದೆರಡು ನಿಮಿಷ ಒತ್ತುತ್ತಲೇ ಇರ್ತಿದ್ದ. ಯಾರೂ ಬೇಡ ಅಂತಿರಲಿಲ್ಲ. ಎಐ ಬಂದು ನಮ್ಮ ಸೀಟು ಹೋಗುತ್ತೆ ಅಂತ ಕ್ಯಾಂಟೀನಿನಲ್ಲಿ ಮಾತು ಬಂದಾಗಲೆಲ್ಲ ನನಗೆ ಆ ತೊಡೆ ಮೇಲಿನ ಪೆಟ್ಟಿಗೆ ಕಾಣುತ್ತೆ.

ಹಾಗಂತ ಡಬ್ಬಿಯನ್ನು ಬೈಯೋಕೆ ನನ್ನಿಂದಾಗಲ್ಲ. ಅದರಲ್ಲಿ ಜೀವಾಳವಿಲ್ಲ, ಪ್ರತಿ ಮೀಟೂ ಒಂದೇ ಥರ ಅಂತ ತಿಳಿದವರ ದೂರು, ನಿಜವಿರಬಹುದು. ಆದರೆ ನಮ್ಮಕ್ಕ ಮದುವೆಯಾಗಿ ಹರಿಹರಕ್ಕೆ ಹೋದಳು. ತುಂಬಿದ ಮನೆ. ತಂಬೂರಿ ಮೀಟಿಕೊಡು ಅಂತ ಯಾರನ್ನ ಕೇಳೋದು? ಬೆಳಿಗ್ಗೆ ನಾಲ್ಕೂವರೆಗೆ ಅಡುಗೆಮನೆ ಬಾಗಿಲು ಮುಂದೆ ಮಾಡಿ, ಡಬ್ಬಿಯ ದನಿ ಪೂರ್ತಿ ತಗ್ಗಿಸಿ, ಹಾಲು ಕಾಯೋವರೆಗೆ ಹಾಡ್ತಿದ್ದಳು. ಹನ್ನೆರಡು ವರ್ಷ. ಈಗ ಸಂಜೆ ಹೊತ್ತು ಒಂಬತ್ತು ಮಕ್ಕಳಿಗೆ ಪಾಠ ಹೇಳ್ತಾಳೆ.