ಮುಂಡಗೋಡದ ದಾರಿಯಲ್ಲಿ ಕಲಿತ ಪಾಠ

ಚಳಿಗಾಲ ಕಾಲಿಟ್ಟಿತೆಂದರೆ ಹುಬ್ಬಳ್ಳಿಯ ಪೇಟೆಯಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ತಲೆಯೆತ್ತುತ್ತವೆ. ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಹೊರಡಲು ಸಿದ್ಧತೆ ನಡೆಸಿದ್ದ ನಾವು ದಂಪತಿಗಳು ದಪ್ಪನೆಯ ಸ್ವೆಟರ್ ಕೊಳ್ಳಲು ಧಾರವಾಡದಿಂದ ಅಲ್ಲಿಗೆ ಹೋಗಿದ್ದೆವು. ವರ್ಷ ವರ್ಷವೂ ಕಂಡು ಪರಿಚಯವಾಗಿದ್ದ ಅಂಗಡಿಯ ಹೆಣ್ಣುಮಗಳು, "ಹಂಗಾಮು ಮುಗಿದ ಮ್ಯಾಲೆ ಒಮ್ಮೆ ನಮ್ಮ ಕ್ಯಾಂಪಿಗೆ ಬರ್ರಿ ಅವ್ವಾರ" ಎಂದು ನನ್ನ ಪತ್ನಿಯನ್ನು ಕರೆದಳು. ಹಾಗೆ ಫೆಬ್ರವರಿಯ ಒಂದು ಮುಂಜಾನೆ ಮುಂಡಗೋಡದ ಪಯಣ ಕೂಡಿಬಂತು.

ಹುಬ್ಬಳ್ಳಿಯಿಂದ ತಡಸದ ಮಾರ್ಗವಾಗಿ ಮುಂಡಗೋಡಕ್ಕೆ ಸುಮಾರು ಐವತ್ತು ಕಿಲೋಮೀಟರು. ಕಪ್ಪು ನೆಲ ಹಿಂದೆ ಸರಿದು ಕೆಂಪು ಮಣ್ಣೂ ಸಾಗವಾನಿಯ ಮರಗಳೂ ಎದುರಾಗುತ್ತವೆ. ಬಸ್ಸಿನಲ್ಲಿ ನನ್ನವಳು, "ಹತ್ತು ವರ್ಷದ ವೀಸಾ ಕೊಟ್ಟಾರಲ್ರೀ, ಮಗು ಅಂಬೆಗಾಲು ಇಡೂತನಕ ಇದ್ದs ಬರೂಣು" ಎಂದಳು. ನಾನೂ ತಲೆಯಾಡಿಸಿದೆ. ಆ ಮಾತಿನಲ್ಲಿದ್ದ ತಪ್ಪು ಆಗ ಇಬ್ಬರಿಗೂ ಹೊಳೆಯಲಿಲ್ಲ.

1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ಬಳಿಕ ಸಾವಿರಾರು ಟಿಬೆಟಿಯನ್ನರು ಅವರ ಹಿಂದೆಯೇ ಬಂದರು. ಎಸ್. ನಿಜಲಿಂಗಪ್ಪನವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1966ರಲ್ಲಿ, ಮುಂಡಗೋಡದ ಬಳಿ ಸುಮಾರು 4,000 ಎಕರೆ ಅರಣ್ಯಭೂಮಿಯಲ್ಲಿ ಅವರಿಗೊಂದು ನೆಲೆ ದೊರೆಯಿತು. ಇಂದು ಅಲ್ಲಿ ಗಾಂದೆನ್ ಮತ್ತು ದ್ರೆಪುಂಗ್ ಮಹಾವಿಹಾರಗಳಿವೆ, ಶಾಲೆಗಳಿವೆ, ಹೊಲಗಳಿವೆ. ನಾವು ನೇರವಾಗಿ ಒಳಹೊಕ್ಕೆವು. ಆದರೆ ವಿದೇಶಿ ಪ್ರವಾಸಿಗಳು ಅಲ್ಲಿ ತಂಗಬೇಕಾದರೆ ಸರಕಾರದಿಂದ ಮೊದಲೇ ವಿಶೇಷ ಪರವಾನಗಿ ಪಡೆಯಬೇಕು.

ಬೆಣ್ಣೆ, ಉಪ್ಪು ಹಾಕಿದ ಚಹಾ ಕುಡಿಯುತ್ತ ಆ ಹೆಣ್ಣುಮಗಳು ತನ್ನ ಕಥೆ ಹೇಳಿದಳು. "ನಾ 1986ರಾಗ ಇಲ್ಲೇ ಹುಟ್ಟೀನ್ರಿ. ತಮ್ಮ 1988ರಾಗ ಇದೇ ಮನ್ಯಾಗ ಹುಟ್ಟ್ಯಾನ. ಕಾಯ್ದೆದಾಗ ನಾ ಈ ದೇಶದಾಕಿ, ಅವ ಪರದೇಶದಾಂವ!"

ಕೇಳಿ ಬೆರಗಾದೆವು, ಆದರೆ ಮಾತು ನಿಜ. ನಮ್ಮ 1955ರ ಪೌರತ್ವ ಕಾಯಿದೆಯಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ನಾಗರಿಕರು. ಅನಂತರ ಹುಟ್ಟಿದವರಿಗೆ ತಾಯಿತಂದೆಯರಲ್ಲಿ ಒಬ್ಬರಾದರೂ ಭಾರತದ ನಾಗರಿಕರಾಗಿರಬೇಕು. 2004ರ ಡಿಸೆಂಬರಿನಿಂದ ನಿಯಮ ಇನ್ನೂ ಬಿಗಿಯಾಯಿತು. ಇವರ ತಾಯಿತಂದೆ ಹುಟ್ಟಿದ್ದು ಟಿಬೆಟಿನಲ್ಲಿ. 1987ಕ್ಕಿಂತ ಮೊದಲು ಇಲ್ಲಿ ಹುಟ್ಟಿದ ಟಿಬೆಟಿಯನ್ನರಿಗೂ ಪೌರತ್ವವಿದೆಯೆಂಬುದನ್ನು ಕರ್ನಾಟಕ ಹೈಕೋರ್ಟು 2013ರಲ್ಲಿ ಎತ್ತಿಹಿಡಿಯಿತು. ಆದರೂ ಈಕೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಲ್ಲ. 2017ರಲ್ಲಿ ಪಾಸ್‌ಪೋರ್ಟು ಬಯಸುವವರು ಕ್ಯಾಂಪಿನ ವಾಸವನ್ನು ಬಿಡಬೇಕೆಂಬ ಷರತ್ತು ಬಂದಾಗ, ವೃದ್ಧ ತಾಯಿಯನ್ನು ಬಿಟ್ಟು ಹೋಗಲು ಆಕೆಯ ಮನಸ್ಸು ಒಪ್ಪಲಿಲ್ಲ.

ತಮ್ಮನ ಕಾಗದಗಳನ್ನೂ ತೋರಿಸಿದಳು. ಇಲ್ಲಿ ವಾಸಿಸಲು ನೋಂದಣಿ ಪತ್ರ, ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಬದಲು ಗುರುತಿನ ಪ್ರಮಾಣಪತ್ರ. ನಾವು ಇವರನ್ನು 'ನಿರಾಶ್ರಿತರು' ಎನ್ನುತ್ತೇವೆ. ಆದರೆ ಭಾರತವು 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯಿದೆಯೂ ಇಲ್ಲ. 1946ರ ಕಾಯಿದೆಯಂತೆ ಇವರು 'ವಿದೇಶೀಯರು'. ಅದರ ಸ್ಥಾನದಲ್ಲಿ 2025ರಲ್ಲಿ ಬಂದ ವಲಸೆ ಮತ್ತು ವಿದೇಶೀಯರ ಕಾಯಿದೆಯಲ್ಲಿಯೂ ಅಷ್ಟೇ. ನಮ್ಮ ಕರುಣೆಯ ಶಬ್ದ ಒಂದು, ಕಾಯಿದೆಯ ಶಬ್ದ ಇನ್ನೊಂದು.

"ಇದರ ಮ್ಯಾಲಿನ ತಾರೀಖು ತಪ್ಪಿದ್ರ ನಾವs ತಪ್ಪಿತಸ್ಥರು, ಅವ್ವಾರ. ಊಟ ಮರತರೂ ಅದನ್ನ ಮರಿಯಂಗಿಲ್ಲ" ಎಂದಳಾಕೆ. ನನ್ನ ಪತ್ನಿ ತಟ್ಟನೆ ನನ್ನ ಮುಖ ನೋಡಿದಳು.

ಆ ರಾತ್ರಿಯೇ ಅಳಿಯನಿಗೆ ಫೋನು ಮಾಡಿ ಒಂದೊಂದೇ ಶಬ್ದದ ಅರ್ಥ ಕೇಳಿದೆವು. ವೀಸಾ ಎಂಬುದು ಬಾಗಿಲಿನವರೆಗೆ ಹೋಗಲು ಕೊಟ್ಟ ಅನುಮತಿ. ಒಳಗೆ ಎಷ್ಟು ದಿನ ಇರಬೇಕೆಂಬುದನ್ನು ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾನೆ. ನಮ್ಮಂಥ ಬಿ-2 ಸಂದರ್ಶಕರಿಗೆ ಅದು ಸಾಮಾನ್ಯವಾಗಿ ಆರು ತಿಂಗಳು. ಆ ದಿನಾಂಕ ಐ-94 ಎಂಬ ದಾಖಲೆಯಲ್ಲಿರುತ್ತದೆ. ಹೆಚ್ಚು ದಿನ ಬೇಕಾದರೆ ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಬೇಕು. ಮೀರಿ ನಿಂತರೆ ಹತ್ತು ವರ್ಷದ ಆ ವೀಸಾ ರದ್ದಾಗುತ್ತದೆ. 180 ದಿನಕ್ಕಿಂತ ಹೆಚ್ಚು ಕಾಲ ಅಕ್ರಮವಾಗಿ ಉಳಿದು ಹೊರಬಂದರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಮರುಪ್ರವೇಶಕ್ಕೆ ತಡೆ. ಮೊಮ್ಮಗುವಿನ ಅಂಬೆಗಾಲು ನೋಡುವ ಆಸೆಯಲ್ಲಿ, ಅದು ಶಾಲೆಗೆ ಹೋಗುವುದನ್ನು ನೋಡುವ ಭಾಗ್ಯವನ್ನೇ ಕಳೆದುಕೊಳ್ಳುತ್ತಿದ್ದೆವು!

ಉಳಿದ ಶಬ್ದಗಳನ್ನೂ ಅಂದೇ ಕಲಿತೆವು. ಅಳಿಯನ ಎಚ್-1ಬಿ ದುಡಿಮೆಯ ವೀಸಾ. ಅದಕ್ಕೆ ಸಾಮಾನ್ಯವಾಗಿ ಆರು ವರ್ಷದ ಮಿತಿ. ಮಗಳದು ಅವನನ್ನು ಅವಲಂಬಿಸಿದ ಎಚ್-4. ಗ್ರೀನ್ ಕಾರ್ಡು ಪಡೆದವರು ಕಾಯಂ ನಿವಾಸಿಗಳೇ ಹೊರತು ಅಲ್ಲಿಯ ನಾಗರಿಕರಲ್ಲ. ತಾವಾಗಿ ಅಲ್ಲಿಯ ಪೌರತ್ವ ಪಡೆದರೆ ಭಾರತದ ಪೌರತ್ವ ಹೋಗುತ್ತದೆ. ಅಂಥವರಿಗೆ ಕೊಡುವ ಓ.ಸಿ.ಐ. ಕಾರ್ಡಿನ ಹೆಸರಿನಲ್ಲಿ 'ನಾಗರಿಕ' ಎಂದಿದ್ದರೂ ಅದು ಇಮ್ಮಡಿ ಪೌರತ್ವವಲ್ಲ. ಆ ಕಾರ್ಡಿದ್ದವರಿಗೆ ಇಲ್ಲಿ ಮತದಾನದ ಹಕ್ಕಿಲ್ಲ, ಹೊಲ ಕೊಳ್ಳುವಂತೆಯೂ ಇಲ್ಲ.

ನಮ್ಮ ಮನೆಗಳಿಂದ ಇಂದು ಎಷ್ಟೋ ತಾಯಂದಿರು ಬಾಣಂತನಕ್ಕೆ ಕಡಲು ದಾಟುತ್ತಿದ್ದಾರೆ. ಚಟ್ನಿಪುಡಿ, ಶೇಂಗಾ ಹೋಳಿಗೆ ಕಟ್ಟುವ ಮೊದಲು ಅವರು ತಮ್ಮ ಕಾಗದದ ಮೇಲಿನ ಶಬ್ದಗಳ ಅರ್ಥವನ್ನೂ ತಿಳಿದುಕೊಳ್ಳಬೇಕು. ಅಲ್ಲಿ ಇಳಿದ ಮರುದಿನ ಮಗಳು ಐ-94 ತೆಗೆದುಕೊಟ್ಟಳು. ನನ್ನವಳು ಅದರ ದಿನಾಂಕವನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿದಳು. ಅದಕ್ಕೆ ಹದಿನೈದು ದಿನ ಮೊದಲೇ ನಾವು ಧಾರವಾಡದ ಮನೆ ಸೇರಿದೆವು.

ಮತ್ತೆ ಚಳಿಗಾಲ ಬಂದಾಗ ಮೊಮ್ಮಗಳಿಗೊಂದು ಪುಟ್ಟ ಸ್ವೆಟರ್ ಕೊಳ್ಳಲು ಅದೇ ಅಂಗಡಿಗೆ ಹೋದೆವು. ಆಕೆ ಮೊದಲು ಕೇಳಿದ್ದು ಕೂಸಿನ ಹೆಸರನ್ನಲ್ಲ. "ಅದು ಯಾವ ದೇಶದ್ದಾತ್ರಿ ಅವ್ವಾರ?" ಎಂದಳು.