ಅಂಚಿನ ಕಾವಲು

ಹಳೆಯ ಕಾರಿನ ಸೊಬಗನ್ನು ಕುರಿತು ಮಾತನಾಡುವವರು ಅದರ ಬಣ್ಣವನ್ನು ಹೊಗಳುತ್ತಾರೆ, ಎಂಜಿನ್ನಿನ ನಾದವನ್ನು ಕೊಂಡಾಡುತ್ತಾರೆ. ಬಾಗಿಲಿನ ಅಂಚಿನಲ್ಲಿಯೂ ಗಾಜಿನ ಸುತ್ತಲೂ ಅಡಗಿ ಕುಳಿತ ಕರಿಯ ರಬ್ಬರಿನ ಪಟ್ಟಿಯನ್ನು ಯಾರೂ ನೆನೆಯುವುದಿಲ್ಲ. ಗ್ಯಾರೇಜಿನವರು ಬೀಡಿಂಗ್ ಎಂದು ಕರೆಯುವ ಈ ಪಟ್ಟಿಯು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವವರೆಗೆ ಅದು ಇದೆಯೆಂಬುದೇ ಅರಿವಿಗೆ ಬಾರದು.

ಹುಬ್ಬಳ್ಳಿಯ ನಿವೃತ್ತ ಗಣಿತ ಮಾಸ್ತರರೊಬ್ಬರ ಬಳಿ ಅವರ ತಂದೆಯವರು ಕೊಂಡಿದ್ದ 1977ರ ಅಂಬಾಸಿಡರ್ ಕಾರಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೂ ತಯಾರಿಸಿದ ವಾಹನವದು. ಕಿರಿಯ ಮಗಳ ಮದುವೆ ಸಮೀಪಿಸಿದಾಗ ಕಾರಿಗೆ ಹೊಸ ಬಣ್ಣ ಹೊಡೆಸಬೇಕೆಂದು ಮನೆಮಂದಿ ಬಯಸಿದರು. ಮಾಸ್ತರರು ಪಿಂಚಣಿಯಲ್ಲಿ ಉಳಿಸಿದ ಹಣವನ್ನು ಅದಕ್ಕೆಂದೇ ತೆಗೆದಿಟ್ಟರು. ಆದರೆ ಗ್ಯಾರೇಜಿನ ಹಿರಿಯ ಮೇಸ್ತ್ರಿಗಳು ನೆಲದ ಮ್ಯಾಟನ್ನು ಎತ್ತಿ ತೋರಿಸಿದಾಗ ಅಡಿಯ ತಗಡು ತುಕ್ಕು ಹಿಡಿದು ಹಪ್ಪಳದಂತೆ ಏಳುತ್ತಿತ್ತು. “ಬಣ್ಣ ಆಮ್ಯಾಲ ನೋಡೂಣ್ರಿ ಮಾಸ್ತರ, ಮೊದಲ ನೀರು ನಿಲ್ಲಸ್ರಿ” ಎಂದರು ಅವರು.

ಆ ಮಾತಿನಲ್ಲಿ ತೂಕವಿತ್ತು. ಅಂಬಾಸಿಡರಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿಯಿಲ್ಲ. ನೆಲ, ಕಂಬ, ಚಾವಣಿಗಳು ಒಂದಾಗಿ ಬೆಸೆದ ಒಡಲೇ ಅದರ ಆಧಾರ. ನೆಲವು ಸವೆದರೆ ಗಾಡಿಯ ಬಲವೇ ಕುಂದುತ್ತದೆ. ಬೀಡಿಂಗ್ ಸೋಲುವುದಕ್ಕೂ ಕಾರಣವುಂಟು. ಗಂಧಕದೊಡನೆ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ವಿಧಾನವನ್ನು ಚಾರ್ಲ್ಸ್ ಗುಡ್‌ಇಯರನು 1839ರಲ್ಲಿ ಕಂಡುಕೊಂಡನು. ಆದರೂ ಸಹಜ ರಬ್ಬರಿನ ಅಣುಸರಪಳಿಯನ್ನು ಗಾಳಿಯಲ್ಲಿರುವ ಓಝೋನ್ ತುಂಡರಿಸುತ್ತದೆ, ಬಿಸಿಲು ಅದನ್ನು ಪೆಡಸಾಗಿಸುತ್ತದೆ. ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರು ಇವೆರಡನ್ನೂ ಬಹುಕಾಲ ತಾಳುತ್ತದೆ. ಆದರೆ ಖನಿಜ ತೈಲ ತಾಗಿದರೆ ಅದು ಉಬ್ಬಿ ಕೆಡುವುದರಿಂದ ಅದಕ್ಕೆ ಸಾಮಾನ್ಯ ಗ್ರೀಸನ್ನು ಸವರಲಾಗದು.

ಇದ್ದ ಹಣವು ಬಣ್ಣಕ್ಕೂ ದುರಸ್ತಿಗೂ ಸಾಲುವಂತಿರಲಿಲ್ಲ. ಮಾಸ್ತರರು ಒಂದು ರಾತ್ರಿಯೆಲ್ಲ ಯೋಚಿಸಿ, ನೆಲಕ್ಕೆ ಹೊಸ ತಗಡು ಬೆಸೆಯಿಸಿ, ಇ.ಪಿ.ಡಿ.ಎಂ. ಬೀಡಿಂಗನ್ನು ತರಿಸಿದರು. ತಾವೂ ಮೇಸ್ತ್ರಿಗಳ ಜೊತೆಗೆ ಕೆಲಸಕ್ಕೆ ನಿಂತರು.

ಹಳೆಯ ರಬ್ಬರನ್ನು ಕಿತ್ತು, ಒಣಗಿದ ಅಂಟನ್ನು ಕೆರೆದು, ತುಕ್ಕನ್ನು ಉಜ್ಜಿ, ಪ್ರೈಮರ್ ಬಳಿದು ಒಣಗಿಸುವುದರಲ್ಲಿಯೇ ಎರಡು ದಿನ ಕಳೆದವು. ಬಳಿಕ ಪಟ್ಟಿಗೂ ಲೋಹಕ್ಕೂ ಅಂಟು ಸವರಿ, ಅದು ಅರೆ ಆರುವವರೆಗೆ ಕಾದು, ಸೇರುವೆಯು ತಳದಲ್ಲಿ ಬರುವಂತೆ ಬಾಗಿಲಿನ ಕೆಳಗಿನಂಚಿನಿಂದ ಕೂರಿಸುತ್ತ ಬಂದರು. ಮೂಲೆಯಲ್ಲಿ ಮಾಸ್ತರರು ಪಟ್ಟಿಯನ್ನು ಬಿಗಿಯಲು ಹೋದಾಗ ಮೇಸ್ತ್ರಿಗಳು ಕೈ ತಡೆದರು. “ಎಳೀಬ್ಯಾಡ್ರಿ ಮಾಸ್ತರ, ಅದು ತಾನ ಕುಂದರಲಿ.” ಎಳೆದು ಕೂರಿಸಿದ ರಬ್ಬರು ದಿನಗಳೆದಂತೆ ತನ್ನ ಅಳತೆಗೆ ಮರಳುತ್ತದೆ, ಆಗ ಮೂಲೆಯಲ್ಲಿ ಸಂದು ಬಿಡುತ್ತದೆ.

ಮುಂದಿನ ಗಾಜಿನ ಕೆಲಸ ಇನ್ನೂ ನಾಜೂಕಿನದು. ಗಾಜಿನ ಸುತ್ತ ರಬ್ಬರನ್ನು ತೊಡಿಸಿ, ಲೋಹದ ಅಂಚು ಕೂರತಕ್ಕ ತೋಡಿನಲ್ಲಿ ಹುರಿಯನ್ನು ಹುದುಗಿಸಿ, ಸಾಬೂನಿನ ನೀರು ಸವರಿದರು. ಮೇಸ್ತ್ರಿಗಳು ಹೊರಗಿನಿಂದ ಗಾಜನ್ನು ಮೆಲ್ಲನೆ ಅದುಮುತ್ತಿರಲು, ಒಳಗೆ ಕುಳಿತ ಮಾಸ್ತರರು ಹುರಿಯನ್ನು ಎಳೆದಂತೆಲ್ಲ ರಬ್ಬರಿನ ತುಟಿಯು ಅಂಚನ್ನು ದಾಟಿ ಒಳಕ್ಕೆ ಬಂದಿತು. ಬಾಗಿಲಿನ ತಳದಲ್ಲಿರುವ ಸಣ್ಣ ರಂಧ್ರಗಳನ್ನು ಮಾತ್ರ ಮುಚ್ಚಲಿಲ್ಲ. ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿದ ನೀರಿಗೆ ಹೊರಹೋಗುವ ದಾರಿ ಬೇಕೇ ಬೇಕು. ಕಾವಲೆಂದರೆ ಎಲ್ಲವನ್ನೂ ಮುಚ್ಚುವುದಲ್ಲ.

ಹೊಸ ರಬ್ಬರಿನ ಬಾಗಿಲು ಮೊದಮೊದಲು ಬಿಗಿಯಾಗಿತ್ತು. ಕೊಂಡಿ ಸಿಕ್ಕುವ ತಗಡನ್ನು ತುಸು ಸರಿಸಬೇಕಾಯಿತು. ಬಾಗಿಲಿನ ಸಂದಿನಲ್ಲಿ ಕಾಗದದ ಚೀಟಿಯನ್ನಿಟ್ಟು ಮುಚ್ಚಿ ಎಳೆದು ನೋಡಿದರು. ಸುತ್ತಲೂ ಚೀಟಿ ಒಂದೇ ಬಗೆಯಾಗಿ ತಡೆದು ಬಂದಾಗ ಮೇಸ್ತ್ರಿಗಳು ತಲೆದೂಗಿದರು.

ವೈಶಾಖದಲ್ಲಿ ಮಾಸಿದ ಬಣ್ಣದ ಕಾರಿಗೇ ಹೂವಿನ ಹಾರ ಬಿದ್ದಿತು. “ಒಂದು ಕೋಟು ಬಣ್ಣಕ್ಕೂ ರೊಕ್ಕ ಇರಲಿಲ್ಲೇನು?” ಎಂದು ಬೀಗರಲ್ಲಿ ಕೆಲವರು ಆಡಿಕೊಂಡರು. ಮಾಸ್ತರರು ನಕ್ಕು ಸುಮ್ಮನಾದರು. ಮಗಳು ಮಾತ್ರ ಅದೇ ಕಾರಿನಲ್ಲಿಯೇ ಹೋಗುವೆನೆಂದಳು. ಆಷಾಢದಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ದಿತು. ನಾಲ್ಕನೆಯ ದಿನ ಮಾಸ್ತರರು ಮ್ಯಾಟನ್ನೆತ್ತಿ ನೋಡಿದಾಗ, ಅಡಿಯಲ್ಲಿ ಹಾಸಿದ್ದ ವೃತ್ತಪತ್ರಿಕೆಯು ಗರಿಗರಿಯಾಗಿಯೇ ಇತ್ತು. ಬಣ್ಣವು ಇನ್ನೊಂದು ವರುಷ ಕಾಯಬಲ್ಲುದು, ತುಕ್ಕು ಕಾಯಲಾರದು.