ಹೊರಡದ ಅತಿಥಿ

ಮನೆಗೆ ಬಂದ ಅತಿಥಿಯು ಒಂದು ಹೊತ್ತು ಉಂಡು, ಹೆಚ್ಚೆಂದರೆ ಮೂರು ದಿನವಿದ್ದು, ಎಲೆಯಡಕೆ ಹಾಕಿಕೊಂಡು ಹೊರಡತಕ್ಕವನು. ಅದಕ್ಕೂ ಮೀರಿ ನಿಂತರೆ ಆತನು ಮನೆಯವನೇ ಆದನೆಂದು ನಮ್ಮ ಮಲೆನಾಡಿನ ಹಿರಿಯರು ಎಣಿಸುವರು. ಆಮೇಲೆ ಆತನ ಕೈಗೆ ಕತ್ತಿ ಕೊಟ್ಟು ತೋಟಕ್ಕೂ ಕಳುಹಿಸುವರು. ನಾವಾದರೋ 2011ರಿಂದ ಈವರೆಗೆ ಅತಿಥಿಯಾಗಿಯೇ ಉಳಿದಿದ್ದೇವೆ. ಚಿಕ್ಕಮಗಳೂರು ಸೀಮೆಯ ಒಂದು ಸರಕಾರಿ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಹೇಳುವ ನಮಗೆ ‘ಅತಿಥಿ ಉಪನ್ಯಾಸಕ’ರೆಂದು ಹೆಸರು.

ನಾವು ಒಬ್ಬರೇ ಆಗಿದ್ದರೆ ಇದನ್ನು ವಾಚಕರ ಮುಂದೆ ಹೇಳಿಕೊಳ್ಳುವ ಅಗತ್ಯವಿರಲಿಲ್ಲ. ಕರ್ನಾಟಕದ 400ಕ್ಕೂ ಮೇಲ್ಪಟ್ಟ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇಂಥ ಅತಿಥಿಗಳು 10,000ಕ್ಕೂ ಹೆಚ್ಚು. ಖಾಯಂ ಉಪನ್ಯಾಸಕರನ್ನು ನೇಮಿಸಿದರೆ ಸಂಬಳ, ರಜೆ, ನಿವೃತ್ತಿಯ ಸೌಕರ್ಯ ಎಲ್ಲವೂ ಬೊಕ್ಕಸಕ್ಕೆ ದಶಕಗಳ ಹೊರೆ. ಅತಿಥಿಯಾದರೆ ಪಾಠವಿರುವ ತಿಂಗಳಿಗೆ ಮಾತ್ರ ಕೊಟ್ಟು, ಪಾಠ ಮುಗಿದೊಡನೆ ಕೈಮುಗಿದು ಕಳುಹಿಸಬಹುದು. 2021ರ ಕೊನೆಯವರೆಗೂ ನಮ್ಮವರಿಗೆ ಸಿಗುತ್ತಿದ್ದುದು ತಿಂಗಳಿಗೆ ರೂ. 11,000, ಹೆಚ್ಚಿನ ಅರ್ಹತೆಯುಳ್ಳವರಿಗೆ ರೂ. 13,000. 2022ರ ಜನವರಿಯಲ್ಲಿ ಅದು 26,000ದಿಂದ 32,000 ರೂಪಾಯಿಗಳಿಗೆ ಏರಿತು. ಆದರೆ ಅದರೊಡನೆ ವಾರದ ಪಾಠವೂ 15 ಗಂಟೆಯಾಯಿತು. ಇಬ್ಬರು ಹಂಚಿಕೊಂಡು ಹೇಳುತ್ತಿದ್ದ ಪಾಠವು ಒಬ್ಬರ ಪಾಲಿಗೆ ಬಂದುದರಿಂದ ಅನೇಕರು ಕೆಲಸವಿಲ್ಲದೆ ಹೊರಗುಳಿದರು. ನಮ್ಮ ಜೊತೆಯಲ್ಲೇ ಸೇರಿದ್ದ ಗೆಳೆಯರೊಬ್ಬರು ಹಾಗೆ ಹೊರಗಾದರು. ಅಂದು ಏರಿದ ಸಂಬಳದಿಂದ ಮನೆಯಲ್ಲಿ ಪಾಯಸ ಮಾಡಿದ್ದರೂ ನಮ್ಮ ಗಂಟಲಿನಲ್ಲಿ ಅದು ಸುಲಭವಾಗಿ ಇಳಿಯಲಿಲ್ಲ.

ಸಾರ್ವಜನಿಕ ಹಣಕಾಸು ಎಂಬುದು ನಾವು ಪ್ರತಿವರ್ಷವೂ ಹೇಳುವ ಪಾಠ. ಆಯವ್ಯಯದಲ್ಲಿ ಕೊರತೆ ಬಂದಾಗ ಯಾವ ವೆಚ್ಚವನ್ನು ಮೊದಲು ಕಡಿಮೆ ಮಾಡಬೇಕೆಂದು ಮಕ್ಕಳನ್ನು ಕೇಳುವುದು ನಮ್ಮ ವಾಡಿಕೆ. ಅವರು ಒಂದೊಂದಾಗಿ ಹೆಸರಿಸುತ್ತಿರುವಾಗ, ಅವರೆದುರು ನಿಂತ ನಾವೇ ಆ ಪಟ್ಟಿಯ ಒಂದು ಬಾಬ್ತೆಂಬುದು ಅವರಿಗೆ ತಿಳಿದಿರದು.

2023ರ ನವೆಂಬರಿನಲ್ಲಿ, ಸೇವೆಯನ್ನು ಖಾಯಂ ಮಾಡಬೇಕೆಂದು ಬೇಡಿ, ರಾಜ್ಯದ ಅತಿಥಿ ಉಪನ್ಯಾಸಕರು ತರಗತಿಗಳನ್ನು ಬಿಟ್ಟು ಧರಣಿಗೆ ಕುಳಿತರು. ನಾವೂ ಕುಳಿತೆವು. ಒಂದು ವಾರ ಕಳೆಯುವುದರೊಳಗೆ ದಿನಸಿ ಅಂಗಡಿಯವರ ಮಾತಿನಲ್ಲಿ ಮೊದಲಿನ ನಗೆಯಿರಲಿಲ್ಲ. ಮನೆಯಾಕೆಯು ಒಂದು ದಿನ ಅಕ್ಕಿಯ ಡಬ್ಬದ ಮುಚ್ಚಳವನ್ನು ಹಾಕುತ್ತ, “ಧರಣಿಗೆ ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಆದರೆ ಹೋಗದ ದಿನ ಮನೆಯಲ್ಲಿ ಸುಮ್ಮನೆ ಕುಳಿತಿರಬೇಡಿ” ಎಂದಳು. ಅದು ಅರೇಬಿಕಾ ಹಣ್ಣಾಗಿ ಕೊಯ್ಲು ಮೊದಲಾದ ಕಾಲ. ಎಲ್ಲ ತೋಟಗಳಲ್ಲಿಯೂ ಆಳಿನ ಅಭಾವ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ತೋಟವೊಂದರಲ್ಲಿ ನಮ್ಮ ಪರಿಚಯದ ರೈಟರೊಬ್ಬರಿದ್ದರು. ಭಾನುವಾರ ಬೆಳಿಗ್ಗೆ, ಗುರುತಿನವರು ಯಾರೂ ಇರಲಾರರೆಂಬ ಧೈರ್ಯದಿಂದ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಸಾಲಿಗೆ ಇಳಿದೆವು.

ಪಕ್ಕದ ಸಾಲಿನಿಂದ, “ಸಾರ್, ಕೊಂಬೆಯನ್ನು ಹಾಗೆ ಎಳೆಯಬೇಡಿ” ಎಂಬ ದನಿ ಬಂದಿತು. ತಿರುಗಿ ನೋಡಿದರೆ ನಮ್ಮ ಅಂತಿಮ ವರ್ಷದ ವಿದ್ಯಾರ್ಥಿನಿ! ಅದೇ ತೋಟದ ಲೈನು ಮನೆಯಲ್ಲಿ ಅವಳ ವಾಸವೆಂಬುದು ನಮಗೆ ಗೊತ್ತಿರಲಿಲ್ಲ. ಮುಖ ಎಲ್ಲಿಡುವುದೆಂದು ತಿಳಿಯದೆ ನಿಂತೆವು. ಅವಳಿಗೆ ಅಂಥ ಸಂಕೋಚವೇನೂ ಇರಲಿಲ್ಲ. “ಬಗ್ಗಿಸಿ ಹಿಡಿದು ಕೆಂಪನ್ನು ಮಾತ್ರ ಬಿಡಿಸಿ ಸಾರ್. ಅವಸರ ಮಾಡಿ ಕೊಂಬೆ ಸೀಳಿದರೆ ಬರುವ ವರ್ಷದ ಫಸಲೇ ಹೋಗುತ್ತದೆ” ಎಂದು ತೋರಿಸಿಕೊಟ್ಟಳು. ಸಂಜೆ ಕಣದಲ್ಲಿ ತೂಗಿದಾಗ ಅವಳದು 71 ಕಿಲೋ, ನಮ್ಮದು 26.

ಮಧ್ಯಾಹ್ನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಅವಳು ಕೇಳಿದಳು: “ಪಾಠ ಯಾವಾಗ ಶುರು ಸಾರ್? ನಿಮಗೆ ನ್ಯಾಯ ಸಿಗಲಿ. ಆದರೆ ನಮ್ಮ ಪರೀಕ್ಷೆ ನಿಮಗಾಗಿ ಕಾಯುತ್ತದೆಯೇ? ಈ ಸಲ ಫೇಲಾದರೆ ಅಪ್ಪ ಮತ್ತೆ ಓದಿಸುವುದಿಲ್ಲ.”

ಧರಣಿಯ ಚಪ್ಪರದಲ್ಲಿ ನಾವು ಕೇಳಿದ್ದ ಭಾಷಣಗಳಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಅಲ್ಲಿಯೇ ಕುಳಿತು ಅರ್ಧ ಗಂಟೆ ಪಾಠ ಹೇಳಿದೆವು. ಮುಂದಿನ ಭಾನುವಾರ ಅವಳ ಜೊತೆಗೆ ಇನ್ನು ಮೂವರು ಬಂದರು. ಇದನ್ನು ಮುಚ್ಚಿಡುವುದು ಸರಿಯಲ್ಲವೆಂದು ಧರಣಿಯ ಗೆಳೆಯರಿಗೆ ತಿಳಿಸಿದೆವು. ಒಬ್ಬರು, “ಪಾಠ ನಿಂತುದರಿಂದಲೇ ಸರಕಾರವು ನಮ್ಮ ಕಡೆ ನೋಡುವುದು, ನೀವು ಹಿಂಬಾಗಿಲಿನಿಂದ ಪಾಠ ಹೇಳಿದರೆ ನಮ್ಮ ಹಸಿವಿಗೆ ಬೆಲೆಯೇನು?” ಎಂದು ನೊಂದು ನುಡಿದು ವಾರದವರೆಗೆ ಮಾತು ಬಿಟ್ಟರು. ಅವರ ಮಾತು ತಪ್ಪೆಂದು ನಾವು ಇಂದಿಗೂ ಹೇಳಲಾರೆವು. ಆದರೆ ಆ ಹುಡುಗಿಯ ಮಾತನ್ನು ಕೇಳಿಯೂ ಕೇಳದಂತೆ ಇರುವುದು ನಮ್ಮಿಂದಾಗಲಿಲ್ಲ.

2024ರ ಜನವರಿ 1ರಂದು ನಮ್ಮವರು ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಕಾಲುನಡಿಗೆಯಲ್ಲಿ ಹೊರಟರು. ಆ ತಿಂಗಳು ಸರಕಾರವು ಸೇವೆಯ ವರ್ಷಗಳಿಗೆ ತಕ್ಕಂತೆ 5,000ದಿಂದ 8,000 ರೂಪಾಯಿಗಳವರೆಗೆ ಗೌರವಧನವನ್ನು ಹೆಚ್ಚಿಸಿತು. 60 ವರ್ಷ ತುಂಬಿ ಹೊರಡುವವರಿಗೆ 5 ಲಕ್ಷ ರೂಪಾಯಿಗಳ ಇಡಿಗಂಟನ್ನೂ ಸಾರಿತು. ಖಾಯಂ ಎಂಬ ಮಾತು ಮಾತ್ರ ದೊರೆಯಲಿಲ್ಲ. ನಾವು ತರಗತಿಗೆ ಮರಳಿ, ಬೆಳಿಗ್ಗೆ ಒಂದು ಗಂಟೆ ಮುಂಚಿತವಾಗಿ ಪಾಠವಿಟ್ಟು, ಬಾಕಿಯನ್ನು ತೀರಿಸಿದೆವು. ಆ ಹುಡುಗಿ ತೇರ್ಗಡೆಯಾದಳು.

ಉಳಿತಾಯದ ಕತ್ತಿ ಅತಿಥಿಗಳ ಮೇಲಷ್ಟೇ ಬೀಳುವುದೆಂದು ತಿಳಿಯಬಾರದು. 2023ರಲ್ಲಿ ಹಾಸನ, ಕೊಡಗು ಮೊದಲಾದ ಜಿಲ್ಲೆಗಳಿಗೆ ಹೊಸ ವಿಶ್ವವಿದ್ಯಾನಿಲಯಗಳು ಬಂದುವು. 2025ರ ಫೆಬ್ರವರಿಯಲ್ಲಿ, ಹಣದ ಕೊರತೆಯ ಕಾರಣದಿಂದ, ಹೊಸದಾಗಿ ತೆರೆದವುಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರವು ಸಚಿವ ಸಂಪುಟದ ಉಪಸಮಿತಿಯಲ್ಲಿ ಎದ್ದಿತು. ಅವುಗಳಲ್ಲಿ ಈ ಎರಡು ಕಾಫಿ ಜಿಲ್ಲೆಗಳವೂ ಸೇರಿದ್ದುವು. ನಮ್ಮ ಜಿಲ್ಲೆಯ ಕಾಲೇಜುಗಳು 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಆ ಸುದ್ದಿಯನ್ನು ಓದಿದಾಗ ನಮ್ಮ ಮನಸ್ಸು ಬೆಟ್ಟದಾಚೆಯ ಸಹೋದ್ಯೋಗಿಗಳ ಮನೆಗಳಿಗೆ ಹೋಯಿತು. ಅಲ್ಲಿಯೂ ಅಕ್ಕಿಯ ಡಬ್ಬಗಳಿರುವುವಷ್ಟೆ.

ಹಣವಿಲ್ಲದಾಗ ವೆಚ್ಚವನ್ನು ಕಡಿಮೆ ಮಾಡುವುದು ಯಾವ ಮನೆಯ ಯಜಮಾನನಿಗೂ ತಪ್ಪಿದ್ದಲ್ಲ. ಆದರೆ ಕಾಫಿಯ ಧಾರಣೆ ಬಿದ್ದ ವರ್ಷ ಬೆಳೆಗಾರನು ಮದುವೆಯ ಚಪ್ಪರವನ್ನು ಚಿಕ್ಕದು ಮಾಡುವನೇ ಹೊರತು, ಗಿಡದ ಗೊಬ್ಬರವನ್ನೂ ನೆರಳಿನ ಮರವನ್ನೂ ಮೊದಲು ಕಳೆಯುವುದಿಲ್ಲ. 1925ರಲ್ಲಿ ಮೈಸೂರು ಸರಕಾರವು ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ತೆರೆಯಿತು. ಆ ವರ್ಷವೇ ಫಲ ಎಲ್ಲಿಯೆಂದು ಕೇಳಿ ಅದನ್ನು ಮುಚ್ಚಿದ್ದರೆ, 1940ರ ದಶಕದಲ್ಲಿ ಅಲ್ಲಿಂದ ಹೊರಬಂದ ಎಸ್. 795 ಎಂಬ ತಳಿಯು ನಮ್ಮ ತೋಟಗಳಿಗೆ ದೊರೆಯುತ್ತಿರಲಿಲ್ಲ. ವಿದ್ಯೆಗೆ ಹಾಕಿದ ಹಣವೂ ಹಾಗೆಯೇ. ಹಾಕಿದವರ ಲೆಕ್ಕದ ಪುಸ್ತಕ ಮುಗಿದ ಮೇಲೆ ಅದು ಫಲ ಕೊಡುವುದು.

ಈಗಲೂ ಪ್ರತಿವರ್ಷ ನಾವು ಹೊಸದಾಗಿ ಅರ್ಜಿ ಹಾಕಿ, ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡುವೆವು. ಆ ದಿನ ಮನೆಯಾಕೆಯು ಅಡುಗೆಮನೆಯ ಬಾಗಿಲಲ್ಲಿ ನಿಂತಿರುವಳು, ಏನನ್ನೂ ಕೇಳಳು.

ವಾಚಕರಲ್ಲಿ ನಮ್ಮದೊಂದು ವಿನಂತಿಯಿದೆ. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವಾಗ ಕಟ್ಟಡವನ್ನು ನೋಡುವಿರಿ, ಶುಲ್ಕವನ್ನು ವಿಚಾರಿಸುವಿರಿ. ಅದರೊಡನೆ, “ಇಲ್ಲಿ ಪಾಠ ಹೇಳುವವರಲ್ಲಿ ಮನೆಯವರೆಷ್ಟು, ಅತಿಥಿಗಳೆಷ್ಟು?” ಎಂದೂ ಒಂದು ಮಾತು ಕೇಳಿರಿ. ನಾವು ಕೇಳಿದರೆ ಅದು ಸಂಬಳದ ಮಾತಾಗುವುದು. ನೀವು ಕೇಳಿದರೆ ಮಕ್ಕಳ ಮಾತಾಗುವುದು.